ದೇಸಾಯಿಯವರ ಎಡಗಣ್ಣು

ಕಣ್ಣು ಅದುರುವುದಕ್ಕೂ ಅರ್ಥ ಹೇಳುವ ಮನೆಯಲ್ಲಿ ಹುಟ್ಟಿದವನು ನಾನು. ನನ್ನ ಎಡಗಣ್ಣು ಅದುರಿದರೆ ಅಮ್ಮ ನನ್ನನ್ನು ಅಂಗಡಿಗೆ ಕಳಿಸುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ದೊಡ್ಡವನಾದ ಮೇಲೆ ಇದನ್ನೆಲ್ಲ ಆಡಿಕೊಂಡು ನಕ್ಕಿದ್ದೇನೆ. ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಹೊಟ್ಟೆಪಾಡಿಗೆ ತಿರುವನಂತಪುರದ ಒಂದು ಕಣ್ಣಿನ ಆಸ್ಪತ್ರೆ ಸೇರಿ, ದಿನಾ ಜನರ ಕಣ್ಣಿನ ಒಳಗನ್ನೇ ನೋಡಿ ಬರೆಯತೊಡಗಿದ ಮೇಲಂತೂ ನನ್ನ ನಗು ಇನ್ನೂ ಜೋರಾಯಿತು. ಕಣ್ಣಿನ ಒಳಗೆ ನಾಳಗಳಿವೆ, ನರವಿದೆ, ಬಣ್ಣವಿದೆ. ಶಕುನ ಎಲ್ಲೂ ಕಂಡಿಲ್ಲ ಎಂದು ಅಮ್ಮನಿಗೆ ಕಾಗದದಲ್ಲಿ ಬರೆದಿದ್ದೆ. ಅಂಥವನು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕು ಎಂದು ಕೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಅರವತ್ತರ ದಶಕದ ಕೊನೆಯ ವರ್ಷಗಳು. ಕಣ್ಣಿನ ಹಿಂಗೋಡೆಯ ಫೋಟೋ ತೆಗೆಯುವ ಯಂತ್ರ ನಮ್ಮ ಆಸ್ಪತ್ರೆಗೆ ಇನ್ನೂ ಬಂದಿರಲಿಲ್ಲ. ಆ ಕೆಲಸಕ್ಕೆ ನಾನಿದ್ದೆ. ನಮ್ಮ ವಿಭಾಗದ ಮುಖ್ಯಸ್ಥೆ ಕೋಟ್ಟಯಂ ಕಡೆಯ ಹಿರಿಯ ವೈದ್ಯೆ, ಎಲ್ಲರ ಬಾಯಲ್ಲೂ ಬರೀ ಮೇಡಂ. ಮದುವೆಯಾಗಿರಲಿಲ್ಲ, ಊಟದ ಹೊತ್ತಿನಲ್ಲೂ ಕಣ್ಣಿನ ಮಾತೇ. ನನ್ನನ್ನು ಆರಿಸಿಕೊಂಡವರೂ, ಕೆಲಸ ಕಲಿಸಿದವರೂ, ಬೈದವರೂ ಅವರೇ.

ಅವರು ನನಗೆ ಮೊದಲ ದಿನ ಹೇಳಿಕೊಟ್ಟದ್ದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಣ್ಣಿನ ಹಿಂಗೋಡೆಗೆ ಮೂರು ಪದರ. ಹೊರಗಿನದು ಬಿಳಿಯ ಗಟ್ಟಿ ಚಿಪ್ಪು. ಒಳಗಿನದು ಬೆಳಕನ್ನು ಹಿಡಿಯುವ ರೆಟಿನಾ, ಈರುಳ್ಳಿಯ ಒಳಪೊರೆಯಷ್ಟು ತೆಳು. ಇವೆರಡರ ನಡುವೆ ಇರುವುದು ಕೊರಾಯ್ಡ್, ಅಂದರೆ ರಕ್ತನಾಳಗಳದೇ ಒಂದು ಹಾಸು. ರೆಟಿನಾಕ್ಕೆ ಅನ್ನ ನೀರು ಬರುವುದು ಇದರಿಂದ. ಈ ಹಾಸಿನಲ್ಲೂ ಮತ್ತೆ ಪದರಗಳು: ಮೇಲೆ ಕೂದಲಿಗಿಂತ ಸಣ್ಣ ನಾಳಗಳ ಬಲೆ, ಕೆಳಗೆ ದಪ್ಪ ನಾಳಗಳು. ಕೆಲವರಿಗೆ ಒಂದು ರೋಗ ಬರುತ್ತದೆ. ಮೊದಲು ಸಣ್ಣ ಬಲೆ ಒಣಗುತ್ತದೆ. ಆಗ ಕೆಳಗಿನ ದಪ್ಪ ನಾಳಗಳು ಕಿತ್ತಳೆ ಬಣ್ಣದ ಪಟ್ಟಿಗಳಾಗಿ ಎದ್ದು ಕಾಣುತ್ತವೆ. ಆಮೇಲೆ ಅವೂ ಹಳದಿಯಾಗಿ, ಬೆಳ್ಳಗಾಗಿ, ಕೊನೆಗೆ ಹೊರಗಿನ ಚಿಪ್ಪೇ ಬಿಳಿಯಾಗಿ ಕಾಣತೊಡಗುತ್ತದೆ. ಅಲ್ಲಿ ನೋಟ ಸತ್ತಂತೆ. ಅದು ಕಣ್ಣಿನ ನಟ್ಟನಡುವೆ ಆದರೆ ಮನುಷ್ಯ ನಡೆದಾಡಬಲ್ಲ, ಆದರೆ ಅಕ್ಷರ ಕಾಣುವುದಿಲ್ಲ, ಎದುರಿಗಿರುವವರ ಮುಖ ಕಾಣುವುದಿಲ್ಲ. ಅಂಥ ಕಣ್ಣನ್ನು ಬರೆಯುವಾಗ ನಾನು ಆ ಬಿಳಿಗೆ ಬಣ್ಣ ಹಚ್ಚುತ್ತಿರಲಿಲ್ಲ. ಸುತ್ತಲೂ ಕಂದು ಅಂಚು ಬರೆದು ಒಳಗೆ ಕಾಗದವನ್ನು ಹಾಗೆಯೇ ಬಿಡುತ್ತಿದ್ದೆ.

ಬರೆಯುವ ಕ್ರಮವೂ ವಿಚಿತ್ರವೇ. ಕತ್ತಲೆ ಕೋಣೆಯಲ್ಲಿ ರೋಗಿಯನ್ನು ಅಂಗಾತ ಮಲಗಿಸಿ, ನಾನು ಅವರ ತಲೆಯ ಹಿಂದೆ ನಿಂತು, ಹಣೆಗೆ ದೀಪ ಕಟ್ಟಿಕೊಂಡು, ಎಡಗೈಯಲ್ಲಿ ಒಂದು ಗಾಜು ಹಿಡಿದು ಕಣ್ಣೊಳಗೆ ನೋಡಬೇಕು. ಆ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಅದಕ್ಕೆ ಕಾಗದದ ಹಲಗೆಯನ್ನು ರೋಗಿಯ ಎದೆಯ ಮೇಲೆ ತಲೆಕೆಳಗಾಗಿಯೇ ಇಟ್ಟು, ಕಂಡದ್ದನ್ನು ಕಂಡ ಹಾಗೆ ಗೀಚಬೇಕು. ಕಾಗದ ತಿರುಗಿಸಿದರೆ ಚಿತ್ರ ತಾನಾಗಿ ಸರಿಯಾಗುತ್ತದೆ. ಹೊಸಬರು ಇದರಲ್ಲಿ ಒಂದು ತಪ್ಪು ಮಾಡದೆ ಇರುವುದಿಲ್ಲ. ಬಲಗಣ್ಣಿನ ಚಿತ್ರವನ್ನು ತಲೆಕೆಳಗು ಮಾಡಿದರೆ ನೋಡುವುದಕ್ಕೆ ಎಡಗಣ್ಣಿನ ಹಾಗೆಯೇ ಇರುತ್ತದೆ. ಹಾಗಾಗಿ ಒಂದೇ ಕಣ್ಣನ್ನು ಎರಡು ಸಲ ಬರೆದು, ಎರಡೂ ಕಣ್ಣು ಮುಗಿಯಿತು ಎಂದು ಕೈ ತೊಳೆದುಕೊಳ್ಳುತ್ತಾರೆ. ಮೊದಲ ತಿಂಗಳು ನಾನೂ ಮಾಡಿ ಮೇಡಂ ಕೈಲಿ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡಿದ್ದೆ.

ಶ್ರೀಪಾದ ದೇಸಾಯಿಯವರು ಬಂದದ್ದು ಕೊಚ್ಚಿಯಿಂದ. ಧಾರವಾಡದ ಕಡೆಯವರು, ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿ ಕೇಂದ್ರ ಸರ್ಕಾರದ ಕೆಲಸ, ನಲವತ್ತರ ಆಸುಪಾಸು. ಬಲಗಣ್ಣಿನಲ್ಲಿ ಓದುವಾಗ ಅಕ್ಷರದ ನಡುವೆ ತೂತು ಬಿದ್ದ ಹಾಗೆ ಆಗುತ್ತದೆ ಎಂದು ಎರ್ನಾಕುಲಂನ ವೈದ್ಯರಿಗೆ ತೋರಿಸಿದರೆ ಅವರು ಮೇಡಂ ಹತ್ತಿರ ಕಳಿಸಿದ್ದರು. ಜೊತೆಗೆ ಹೆಂಡತಿ ಇಂದಿರಾಬಾಯಿ. ಅಲ್ಲಿ ಕನ್ನಡದವನು ನಾನೊಬ್ಬನೇ ಆದ್ದರಿಂದ ದುಭಾಷಿಯ ಕೆಲಸವೂ ನನಗೇ ಬಿತ್ತು. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲವಾಗುವವರೆಗೆ ಕೂತು ಮಾತಾಡಿದೆವು. ಅವರಿಗೆ ಒಬ್ಬಳೇ ಮಗಳು, ವತ್ಸಲಾ, ಏಳು ವರ್ಷ. ಧಾರವಾಡದಲ್ಲಿ ಅಜ್ಜಿಯ ಹತ್ತಿರ ಇದ್ದಳು. ಎರ್ನಾಕುಲಂನಲ್ಲಿ ಇದ್ದಾಗ ಮಗು ಮನೆಯಲ್ಲೂ ಮಲಯಾಳದಲ್ಲೇ ಉತ್ತರ ಕೊಡತೊಡಗಿತ್ತಂತೆ. ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಲಿ ಎಂದು ಅಲ್ಲಿ ಬಿಟ್ಟಿದ್ದರು. ನಮ್ಮ ಕಡೆಯಿಂದ ವರ್ಗವಾಗಿ ಬಂದ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು. ಈಗ ಕಣ್ಣಿನ ವಿಷಯ ಬಂದ ಮೇಲೆ ದೇಸಾಯಿಯವರಿಗೆ ಒಂದೇ ಯೋಚನೆ: ಮಗಳನ್ನು ಈಗಲೇ ಕರೆಸಿಕೊಳ್ಳುವುದೋ, ಇನ್ನು ಮೂರು ವರ್ಷ ಅಲ್ಲೇ ಬಿಡುವುದೋ. ಎರಡೂ ಕಣ್ಣು ಹೋಗುವುದಾದರೆ ಅವಳ ಮುಖವನ್ನು ಕಣ್ತುಂಬ ನೋಡಿಕೊಳ್ಳುವ ಕಾಲ ಇದೇ ಎಂದು ಅವರು ನನ್ನೆದುರಿಗೇ ಬಾಯಿಬಿಟ್ಟು ಹೇಳಿದರು.

ಬೆಳಿಗ್ಗೆ ಅವರ ಎರಡೂ ಕಣ್ಣು ನೋಡಿ ಬರೆದೆ. ಬಲಗಣ್ಣಿನ ನಡುವೆ ದುಂಡನೆಯ ಬಿಳಿ ಮಚ್ಚೆ, ಅದರಲ್ಲಿ ಎರಡು ಮೂರು ಬಿಳಿಚಿದ ನಾಳಗಳು. ಆ ರೋಗವೇ. ಆಮೇಲೆ ಎಡಗಣ್ಣು. ಅಲ್ಲೂ ಮಚ್ಚೆ ಇತ್ತು. ನಾನು ಅದನ್ನು ನೋಡಿದೆ. ಗೇರುಬೀಜದ ಆಕಾರ, ಬಾಗು ಮೂಗಿನ ಕಡೆಗೆ, ಸುತ್ತ ಕಂದು ಬಣ್ಣದ ಒರಟು ಅಂಚು, ಬಿಳಿಯ ಒಳಗೆ ಮೇಲುತುದಿಯ ಹತ್ತಿರ ಎಳ್ಳಿನಷ್ಟು ಕೆಂಪು ಉಳಿದಿತ್ತು. ಅಂಚು ಗೋಜಲಾಗಿದ್ದರಿಂದ ಬಹಳ ಹೊತ್ತು ಹಿಡಿಯಿತು. ಮಧ್ಯಾಹ್ನ ಕಿಟಕಿಯ ಬಳಿ ಕೂತು ಎರಡಕ್ಕೂ ನೀರುಬಣ್ಣ ಹಚ್ಚಿ ಮುಗಿಸಿದೆ. ಪಾಪ, ಎರಡೂ ಹೋಗಿದೆಯಲ್ಲ, ಇನ್ನೂ ಒಂದೇ ಹೋಗಿದೆ ಅಂದುಕೊಂಡಿದ್ದಾರಲ್ಲ ಎಂದು ಕೆಲಸದ ಉದ್ದಕ್ಕೂ ಮನಸ್ಸು ಹೇಳುತ್ತಿತ್ತು.

ನಾಲ್ಕು ಗಂಟೆಗೆ ಮೇಡಂ ಚಿತ್ರಗಳನ್ನು ಹಿಡಿದು ರೋಗಿಯ ಕಣ್ಣಿಗೆ ತಾಳೆ ನೋಡಿದರು. ಅದು ಅವರ ಪದ್ಧತಿ. ಬಲಗಣ್ಣು ನೋಡಿ "ಶರಿ" ಎಂದರು. ಎಡಗಣ್ಣು ನೋಡಿದರು, ಚಿತ್ರ ನೋಡಿದರು, ಮತ್ತೆ ಕಣ್ಣು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇದು ಯಾರ ಕಣ್ಣು ಎಂದು ಕೇಳಿದರು.

ದೀಪ ಕಟ್ಟಿಕೊಂಡು ನಾನೂ ನೋಡಿದೆ. ಬಾಳೆಲೆ ತೊಳೆದಿಟ್ಟ ಹಾಗೆ ಸ್ವಚ್ಛವಾದ ಕಣ್ಣು. ಕೆಂಪು ಕಿತ್ತಳೆ ಬಣ್ಣ ಎಲ್ಲೂ ಮಾಸಿರಲಿಲ್ಲ. ಮಚ್ಚೆ ಇರಲಿಲ್ಲ. ಬಲಗಣ್ಣನ್ನೇ ತಲೆಕೆಳಗು ಮಾಡಿ ಎರಡನೇ ಸಲ ಬರೆದಿದ್ದೀಯ, ಇಷ್ಟು ದಿನವಾದರೂ ಬುದ್ಧಿ ಬರಲಿಲ್ಲ ಎಂದರು ಮೇಡಂ. ಆ ಕಾಗದ ಹರಿದು ಹಾಕಿ ಹೊಸದಾಗಿ ಬರೆಯಲು ಹೇಳಿ ಹೊರಟುಹೋದರು. ನಾನು ಹೊಸ ಕಾಗದ ಇಟ್ಟು ನಾಲ್ಕು ಗೆರೆ ಎಳೆದು ಮುಗಿಸಿದೆ. ಆರೋಗ್ಯವಾಗಿರುವ ಕಣ್ಣಿನಲ್ಲಿ ಬರೆಯುವುದಕ್ಕೆ ಹೆಚ್ಚೇನೂ ಇರುವುದಿಲ್ಲ.

ದೇಸಾಯಿಯವರು ಹೊರಗೆ ಹೋದ ಮೇಲೆ ಬಲಗಣ್ಣಿನ ಚಿತ್ರವನ್ನು ತಲೆಕೆಳಗು ಮಾಡಿ ಆ ತಪ್ಪು ಚಿತ್ರದ ಪಕ್ಕದಲ್ಲಿ ಇಟ್ಟು ನೋಡಿದೆ. ಮೇಡಂ ಹೇಳಿದ್ದು ನಿಜವಾಗಿರಲಿ ಎಂದು ಆಸೆ ಇತ್ತು. ಆದರೆ ಒಂದಕ್ಕೊಂದು ಹೊಂದಲಿಲ್ಲ. ಅದು ದುಂಡಗೆ, ಇದು ಗೇರುಬೀಜ. ರೆಟಿನಾದ ನಾಳಗಳು ಕವಲೊಡೆದಿದ್ದ ರೀತಿಯೂ ಬೇರೆ. ತಪ್ಪು ಚಿತ್ರದಲ್ಲಿದ್ದವು ಈಗ ಹೊಸದಾಗಿ ಬರೆದ ಎಡಗಣ್ಣಿನ ನಾಳಗಳೇ. ಅಂದರೆ ನಾನು ಬರೆದದ್ದು ಎಡಗಣ್ಣನ್ನೇ. ಮಚ್ಚೆ ಮಾತ್ರ ಎಲ್ಲಿಂದ ಬಂತೋ ತಿಳಿಯಲಿಲ್ಲ.

ಇಷ್ಟು ಗೊತ್ತಿದ್ದೂ ನಾನು ಒಂದು ಕೆಲಸ ಮಾಡಿದೆ. ಮೇಡಂ ಹೇಳಿದ್ದನ್ನು ದಂಪತಿಗಳಿಗೆ ಕನ್ನಡದಲ್ಲಿ ಹೇಳಿದೆ: ಬಲಗಣ್ಣಿಗೆ ಔಷಧಿಯಿಲ್ಲ, ಎಡಗಣ್ಣು ಚೆನ್ನಾಗಿದೆ, ಮುಂದೆ ಎಂದಾದರೂ ಅಲ್ಲಿಗೂ ಬರಬಹುದು, ಬಂದರೂ ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ಇಂದಿರಾಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೈ ಮುಗಿದರು. ದೇಸಾಯಿಯವರು ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಹೆಂಡತಿ ನೀರು ತರಲು ಹೋದಾಗ ನನ್ನನ್ನು ಹತ್ತಿರ ಕರೆದರು.

"ರಾಯರ, ಮುಂಜಾನಿ ಎಡಗಣ್ಣ ನೋಡೂ ಮುಂದ ನನ್ನ ಎದಿ ಮ್ಯಾಲೆ ಭಾಳ ಹೊತ್ತ ಪೆನ್ಸಿಲ್ ಆಡಿಸಿದ್ರಿ. ಸುತ್ತ, ಸುತ್ತ. ಈಗ ಬರೇ ನಾಕ ಗೆರಿ ಎಳದ ಬಿಟ್ರಿ. ಮುಂಜಾನಿ ಏನ್ ಕಂಡಿತ್ತು? ಖರೇ ಹೇಳ್ರಿ."

"ಏನೂ ಇಲ್ಲ ಸಾರ್. ನಂದೇ ತಪ್ಪು. ಬಲಗಣ್ಣನ್ನೇ ಎರಡು ಸಲ ಬರೆದುಬಿಟ್ಟಿದ್ದೆ" ಎಂದೆ.

ಅವರು ನೀರು ತಂದ ಹೆಂಡತಿಗೆ, "ಹಂಗಾರ ಹುಡುಗಿ ಅಲ್ಲೇ ಇರಲಿ, ನಾಕನೇತ್ತೆ ಮುಗಸೇ ಬರಲಿ" ಎಂದರು. ಸಂಜೆಯ ರೈಲಿಗೆ ಹೊರಟುಹೋದರು.

ನಾನು ಇನ್ನೇನು ಹೇಳಬಹುದಿತ್ತು ಎಂದು ನೀವೇ ಕೇಳುತ್ತೀರಿ. ಕಣ್ಣಿನಲ್ಲಿ ಇಲ್ಲದ್ದನ್ನು ನಾನು ಕಂಡೆ ಎಂದು ಹೇಳಲೇ? ನಾನೂ ಹಾಗೆಯೇ ಸಮಾಧಾನ ಮಾಡಿಕೊಂಡೆ. ಆ ಕಾಗದವನ್ನು ಮಾತ್ರ ಹರಿಯಲು ಕೈ ಬರಲಿಲ್ಲ. ನನ್ನ ಪೆಟ್ಟಿಗೆಯ ತಳಕ್ಕೆ ಸೇರಿಸಿದೆ. ಸ್ವಲ್ಪ ದಿನ ಬಲಗಣ್ಣು ಎಡಗಣ್ಣು ಎರಡನ್ನೂ ಹತ್ತು ಸಲ ನೋಡಿ ಬರೆಯುತ್ತಿದ್ದೆ. ಆಮೇಲೆ ಅದೂ ಬಿಟ್ಟುಹೋಯಿತು.

ಎರಡು ವರ್ಷದಲ್ಲಿ ಮೇಡಂ ನಿವೃತ್ತರಾಗಿ ಊರಿಗೆ ಹೋದರು. ನಾನೂ ಆಸ್ಪತ್ರೆ ಬಿಟ್ಟು ಎರ್ನಾಕುಲಂನ ಒಂದು ಸಂಶೋಧನಾ ಕಚೇರಿ ಸೇರಿದೆ. ಮೀನು, ಸಿಗಡಿಗಳ ಚಿತ್ರ ಬರೆಯುವ ಕೆಲಸ. ಮೀನು ತಟ್ಟೆಯಲ್ಲಿ ಸುಮ್ಮನೆ ಮಲಗಿರುತ್ತದೆ, ಏನ್ ಕಂಡ್ರಿ ಎಂದು ಕೇಳುವುದಿಲ್ಲ. ಮದುವೆಯಾಗಿತ್ತು, ನೆಮ್ಮದಿಯಾಗಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ ಕಚೇರಿ ಮುಗಿಸಿ ಬೋಟ್ ಜೆಟ್ಟಿಯ ಹತ್ತಿರ ಬರುತ್ತಿದ್ದಾಗ ದೇಸಾಯಿಯವರು ಐಲ್ಯಾಂಡಿನ ದೋಣಿಗೆ ಕಾಯುತ್ತ ನಿಂತಿದ್ದರು. ನಮಸ್ಕಾರ ಎಂದೆ. ಅವರು ನನ್ನ ಭುಜದಾಚೆ ಎಲ್ಲೋ ನೋಡುತ್ತ, "ರಾಯರ ಹೌದಲ್ಲೋ?" ಎಂದರು. ದನಿಯಿಂದ ಗುರುತು ಹಿಡಿದಿದ್ದರು. ನನಗೆ ಆಗಲೇ ಎಲ್ಲ ತಿಳಿಯಿತು. ಹೋದ ವರ್ಷ ಎಡಗಣ್ಣಿಗೂ ಶುರುವಾಗಿ ಈಗ ನಡುವಿನದೆಲ್ಲ ಹೋಗಿದೆ ಎಂದರು. ಎರ್ನಾಕುಲಂನ ಒಬ್ಬ ವೈದ್ಯರ ಬಳಿ ಹೊಸ ಯಂತ್ರ ಬಂದಿತ್ತು. ಅಲ್ಲಿ ತೆಗೆಸಿದ ಕಪ್ಪುಬಿಳುಪು ಫೋಟೋ ಅವರ ಚೀಲದಲ್ಲೇ ಇತ್ತು. ನಿಮಗಾದರೂ ತಿಳಿಯುತ್ತದೆ, ನೋಡಿ ಎಂದು ಕೊಟ್ಟರು.

ಗೇರುಬೀಜ. ಬಾಗು ಮೂಗಿನ ಕಡೆಗೆ. ಮೇಲುತುದಿಯಲ್ಲಿ ಎಳ್ಳಿನಷ್ಟು ಉಳಿದ ಚುಕ್ಕೆ.

ಫೋಟೋವನ್ನು ಎರಡು ದಿನಕ್ಕೆ ಕೇಳಿ ಪಡೆದುಕೊಂಡು ಮನೆಗೆ ಓಡಿದೆ ಎಂದೇ ಹೇಳಬೇಕು. ಪೆಟ್ಟಿಗೆಯ ತಳದಿಂದ ಆ ಹಳೆಯ ಕಾಗದ ತೆಗೆದು ಪಕ್ಕದಲ್ಲಿ ಇಟ್ಟೆ. ನನ್ನ ಕಣ್ಣನ್ನೇ ನಂಬುವ ಹಾಗಿರಲಿಲ್ಲ, ಅದಕ್ಕೆ ಅಡುಗೆಮನೆಯಿಂದ ಹೆಂಡತಿಯನ್ನು ಕರೆದು, ಏನೂ ಹೇಳದೆ ಎರಡನ್ನೂ ತೋರಿಸಿದೆ. ಅವಳು ಒದ್ದೆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದಳು. "ಎರಡೂ ಒಂದೇ ಅಲ್ವಾ? ಇದು ಫೋಟೋ, ಇದು ನೀವು ನೋಡ್ಕೊಂಡು ಬರ್ದಿರೋದು" ಎಂದಳು. ಕಾಗದದ ಮೂಲೆಯಲ್ಲಿ ನನ್ನದೇ ಕೈಬರಹದಲ್ಲಿದ್ದ ತಾರೀಖನ್ನು ಅವಳಿಗೆ ತೋರಿಸಿದೆ. ಅವಳು ನನ್ನ ಮುಖ ನೋಡಿ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು.

ಆಮೇಲೆ ಮೇಡಂಗೆ ಎಲ್ಲ ವಿವರವಾಗಿ ಬರೆದು ಎರಡರ ಪ್ರತಿಯನ್ನೂ ಕಳಿಸಿದೆ. ಹದಿನೈದು ದಿನಕ್ಕೆ ಉತ್ತರ ಬಂತು. ಆವತ್ತೇ ಸಣ್ಣ ನಾಳಗಳ ಬಲೆ ಒಳಗೊಳಗೇ ಒಣಗತೊಡಗಿದ್ದಿರಬಹುದು, ತನಗೆ ಕಾಣದ ಬಣ್ಣದ ವ್ಯತ್ಯಾಸ ಚಿತ್ರಗಾರನ ಕಣ್ಣಿಗೆ ಬಿದ್ದಿರಬಹುದು ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲು: ಆದರೆ ನೀನು ಬಣ್ಣದ ವ್ಯತ್ಯಾಸ ಬರೆದಿಲ್ಲ, ಕಾಗದವನ್ನು ಬಿಳಿ ಬಿಟ್ಟಿದ್ದೀಯ, ಅದು ನನಗೆ ಅರ್ಥವಾಗುವುದಿಲ್ಲ. ಅಷ್ಟು ಓದಿದವರಿಗೆ ಅರ್ಥವಾಗದ್ದು ನನಗೆ ಎಲ್ಲಿಂದ ಆದೀತು? ಇವತ್ತಿಗೂ ಆಗಿಲ್ಲ. ಎರಡನೇ ಸಲ ನೋಡಿದಾಗ ಯಾಕೆ ಕಾಣಲಿಲ್ಲ ಎಂಬುದಂತೂ ಅರ್ಥವೇ ಆಗಿಲ್ಲ.

ಅದು ಆಮೇಲಿನ ಮಾತಾಯಿತು. ಜೆಟ್ಟಿಯಲ್ಲಿ ಭೇಟಿಯಾದ ಆ ವಾರದ ಭಾನುವಾರವೇ ಫೋಟೋ ಹಿಂದಿರುಗಿಸಲು ಐಲ್ಯಾಂಡಿನ ಅವರ ಕ್ವಾರ್ಟರ್ಸಿಗೆ ಹೋದೆ. ಹಳೆಯ ಕಾಗದವನ್ನೂ ಒಯ್ದಿದ್ದೆ. ವತ್ಸಲಾ ನಾಲ್ಕನೇ ಇಯತ್ತೆ ಮುಗಿಸಿ ಆ ಬೇಸಿಗೆಯಲ್ಲೇ ಧಾರವಾಡದಿಂದ ಬಂದಿದ್ದಳು. ಎರಡು ಜಡೆ ಹಾಕಿಕೊಂಡು, ಬಾಯಿತುಂಬ ಧಾರವಾಡದ ಕನ್ನಡ ಆಡುತ್ತ ಓಡಾಡುತ್ತಿದ್ದಳು. ಅವಳನ್ನು ಹೊರಗೆ ಆಡಲು ಕಳಿಸಿ, ಇಬ್ಬರಿಗೂ ಎಲ್ಲ ಹೇಳಿದೆ. ಮಚ್ಚೆ ಕಂಡದ್ದು, ಅದು ಬಲಗಣ್ಣಿನದಲ್ಲ ಎಂದು ಗೊತ್ತಾದದ್ದು, ಗೊತ್ತಿದ್ದೂ ಏನೂ ಇಲ್ಲ ಎಂದದ್ದು.

ಇಂದಿರಾಬಾಯಿಯವರು ಚಹಾದ ಕಪ್ಪು ಕೆಳಗಿಟ್ಟರು. "ಹೇಳಬೇಕಿತ್ತ್ರಿ ನೀವು. ಸುಳ್ಳಾದ್ರ ಆಗ್ಲಿ, ಹೇಳಬೇಕಿತ್ತು. ಮೂರು ವರ್ಷ ಆ ಕೂಸಿನ ಮಾರಿ ನೋಡಿಲ್ಲ ಇವರು. ಇವರಿಗೆ ಬಂದರದ ಕೆಲಸದಾಗ ರಜಾ ಸಿಗಲಿಲ್ಲ, ಸಾಲಿ ಸೂಟಿಗೆ ನಾ ಒಬ್ಬಾಕಿನ ಹೋಗಿ ಬಂದೆ" ಎಂದು ಎದ್ದು ಒಳಗೆ ಹೋದರು.

ದೇಸಾಯಿಯವರು ಕಾಗದವನ್ನು ಕೈಯಲ್ಲಿ ಹಿಡಿದು ಅಂಚಿನ ಮೇಲೆ ಬೆರಳಾಡಿಸಿದರು. "ನೀವು ಹೇಳಿದ್ರ ನಾ ಆಕಿನ್ನ ಕರಕೊಂಡ ಬರತಿದ್ನೋ ಇಲ್ಲೋ, ನನಗೂ ಗೊತ್ತಿಲ್ರೀ. ಡಾಕ್ಟರ ಮಾತ ಬಿಟ್ಟು ನಿಮ್ಮ ಪೆನ್ಸಿಲ್ ಮಾತ ಯಾರ ಕೇಳ್ತಾರ?" ಎಂದು ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಆಮೇಲೆ ಹೇಳಿದರು: ಹತ್ತಿರ ಕೂತರೆ ಮಗಳ ಜಡೆ ಕಾಣುತ್ತದೆ, ಕಿವಿ ಕಾಣುತ್ತದೆ, ಮುಖ ಇರಬೇಕಾದಲ್ಲಿ ಮಂಜು. ಆದರೆ ಯಾವುದಾದರೂ ಬಹಳ ದೊಡ್ಡದಾಗಿದ್ದರೆ, ಕಣ್ಣನ್ನು ಆ ಕಡೆ ಈ ಕಡೆ ಹೊರಳಿಸಿ ತುಂಡು ತುಂಡಾಗಿ ಹಿಡಿಯಬಹುದು. "ನೀವು ಬರೆಯೋರು. ಆಕಿ ಮುಖ ಬಾಗಲದಷ್ಟು ದೊಡ್ಡದ ಮಾಡಿ ಬರಕೊಡ್ರಿ."

ಮುಂದಿನ ಭಾನುವಾರ ನಾಲ್ಕು ರಟ್ಟು ಅಂಟಿಸಿದ ಹಾಳೆ, ಇದ್ದಿಲು, ಕಪ್ಪು ಮಸಿ ತೆಗೆದುಕೊಂಡು ಹೋದೆ. ಹಾಳೆಯನ್ನು ಗೋಡೆಗೆ ಒರಗಿಸಿ ವತ್ಸಲಾಳನ್ನು ಕಿಟಕಿಯ ಬೆಳಕಿಗೆ ಕೂರಿಸಿದೆ. ದೇಸಾಯಿಯವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಬರೆದಷ್ಟನ್ನೂ ತಲೆ ಓರೆ ಮಾಡಿ ನೋಡುತ್ತಿದ್ದರು. ಹುಬ್ಬು ಬಂದಾಗ "ನಮ್ಮವ್ವನ ಹುಬ್ಬು" ಎಂದರು. ಮೂಗು ಬಂದಾಗ ಹೆಂಡತಿಯನ್ನು ಕರೆದು, "ನಿನ್ನ ಮೂಗ ನೋಡ ಇಲ್ಲಿ" ಎಂದರು. ಇಂದಿರಾಬಾಯಿ ಆ ದಿನ ಮೊದಲ ಸಲ ಬಾಗಿಲಿಗೆ ಬಂದು ನಿಂತರು.

ಗದ್ದಕ್ಕೆ ಬಂದೆ. ಓರೆಯಾಗಿ ಒಂದು ಗಾಯದ ಕಲೆ ಎಳೆದೆ. ಎಳೆದ ಮೇಲೆ ನನ್ನ ಕೈ ಗಕ್ಕನೆ ನಿಂತಿತು. ಕಲೆ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಆವತ್ತೂ ಸ್ಪಷ್ಟವಾಗಿಯೇ ಕಂಡಿತ್ತು. ಈ ಮಗುವಿಗೆ ಇನ್ನೂ ಆಗದ ಗಾಯವನ್ನು ನಾನು ಬರೆದುಬಿಟ್ಟೆನೇ? ಅಳಿಸಿದರೆ ಆಗದೆ ಹೋಗುತ್ತದೆಯೇ ಎಂದು ಕೂಡ ಯೋಚಿಸಿದೆ.

"ವತ್ಸಲಾ, ನಿನ್ನ ಗದ್ದದ ಮೇಲೆ ಒಂದು ಗಾಯದ ಗುರುತು ಇದೆಯೇನಮ್ಮ?" ಎಂದು ಕೇಳಿದೆ.

ಅವಳು ಕಿಲಕಿಲ ನಕ್ಕಳು. "ಯಾಕ್ರಿ ಕಾಕಾ, ನಿಮಗೂ ಕಾಣಂಗಿಲ್ಲೇನು?"

"ಯಾವ ಗಾಯ?" ಎಂದರು ದೇಸಾಯಿಯವರು.

ಅವಳ ನಗು ನಿಂತಿತು. ತಾಯಿಯ ಮುಖ ನೋಡಿದಳು. ಅವರೇ ತಲೆಯಾಡಿಸಿ ಹೇಳು ಎಂಬಂತೆ ಸನ್ನೆ ಮಾಡಿದರು. "ಹ್ವಾದ ವರ್ಷ ಶಾಲಿ ಕಟ್ಟಿ ಮ್ಯಾಲಿಂದ ಬಿದ್ದಿದ್ದೆ, ಅಪ್ಪಾ. ಮೂರು ಹೊಲಿಗಿ ಹಾಕಿದ್ರು. ನಿಮಗ ಹೇಳಬ್ಯಾಡ ಅಂದಿದ್ಲು ಅಜ್ಜಿ."

ದೇಸಾಯಿಯವರು ಕುರ್ಚಿಯನ್ನು ಹಾಳೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ಆ ಕಲೆಯನ್ನು ಹುಡುಕಿದರು. ಸಿಕ್ಕಿತೋ ಇಲ್ಲವೋ, "ಸಣ್ಣದಾತ್ರಿ ರಾಯರ. ದಪ್ಪ ಮಾಡಿ ಬರೀರಿ, ನನಗ ಕಾಣಬೇಕು" ಎಂದರು.

ಮಸಿಯಲ್ಲಿ ಕುಂಚ ಅದ್ದಿದೆ. ಬರೆಯುವ ಮೊದಲು ಎದ್ದು ಹೋಗಿ ಹುಡುಗಿಯ ಗದ್ದವನ್ನು ಬೆರಳಿನಿಂದ ಮುಟ್ಟಿ ನೋಡಿ ಬಂದೆ.